ಗಾಜಿನ ಮನೆ ಮಾರಿ ತಟ್ಟಿ ಕಟ್ಟಿದೆ: ಪ್ರದರ್ಶನದ ಡಯೊನೀಷಿಯ, ನನ್ನ ಅನುಭವ

2025ರ ಮಾರ್ಚ್ ತಿಂಗಳ ಒಂದು ಶನಿವಾರ, ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿಯ ಪ್ರದರ್ಶನದಲ್ಲಿ, ಅಗಲ 19 ಸೆಂ.ಮೀ. ಮೀರದ ಮೂರು ಕುಂಡಗಳ ಸ್ಪರ್ಧೆಯಲ್ಲಿ ನನಗೆ ಓಪನ್ ವಿಭಾಗದ ಮೊದಲ ಬಹುಮಾನ ಬಂತು. ಒಂದು ಡಯೊನೀಷಿಯ ಅರೆಟಿಯಾಯ್ಡಿಸ್, ಒಂದು ಪ್ರಿಮುಲ ಅಲಿಯೋನಿ, ಇನ್ನೊಂದು ಹಳದಿ ಹೂವಿನ ಸ್ಯಾಕ್ಸಿಫ್ರೇಜ: ಮೂರೂ ಬೆಟ್ಟದ ಬಂಡೆಗಳಲ್ಲಿ ದಿಂಬಿನಂತೆ ಒತ್ತೊತ್ತಾಗಿ ಬೆಳೆಯುವ ಪುಟ್ಟ ಗಿಡಗಳು, ಅಂದರೆ ಆಲ್ಪೈನ್‌ಗಳು. ಈ ಮೂರನ್ನೂ ಆಲ್ಪೈನ್ ಹೌಸ್, ಅಂದರೆ ಇಂಥ ಗಿಡಗಳಿಗೆಂದೇ ಕಟ್ಟುವ ಗಾಜಿನ ಮನೆ, ಇಲ್ಲದೆ, ಇಂಗ್ಲೆಂಡಿನ ಯಾರ್ಕ್‌ಷೈರಿನ ನನ್ನ ಮನೆಯ ಹಿತ್ತಲಲ್ಲಿ, ಸುತ್ತಲೂ ಗಾಳಿಯಾಡುವ ಒಂದು ಮಾಡಿನ ಕೆಳಗೆ ಬೆಳೆಸಿದ್ದೆ. ಒಂಬತ್ತು ವರ್ಷಗಳಿಂದ ಇದು ಆಗುವ ಕೆಲಸವಲ್ಲ ಎಂದು ಕೇಳಿಸಿಕೊಂಡು ಬಂದಿದ್ದರಿಂದ, ಹೇಗೆ ಮಾಡಿದೆ ಎಂಬುದನ್ನು ಬರೆದಿಡಬೇಕೆನ್ನಿಸಿತು. ಈ ದೇಶದಲ್ಲಿ ಆಲ್ಪೈನ್ ಗಿಡಗಳ ಹಿಂದೆ ಬಿದ್ದಿರುವ ಕನ್ನಡಿಗರು ನನಗೆ ಗೊತ್ತಿರುವಂತೆ ನಾಲ್ಕೈದು ಮಂದಿ ಇದ್ದಾರೆ. ಕುಂಡವನ್ನು ಮರಳಿನಲ್ಲಿ ಹೂಳುವುದು ಏಕೆ, ದಿಂಬಿನ ಮೇಲೆ ನೀರು ಬೀಳಬಾರದು ಏಕೆ ಎಂಬುದನ್ನು ಅವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು: ಮರಳಿಗೆ ಹಾಕಿದ ನೀರು ಕುಂಡದೊಳಗಿನ ಬೇರಿಗೆ ಸೇರುತ್ತದೆ, ದಿಂಬು ಒದ್ದೆಯಾದರೆ ಕೊಳೆಯುತ್ತದೆ.

ಮೊದಲು ಎಲ್ಲರಂತೆ ನಾನೂ ಗಾಜಿನ ಮನೆಯನ್ನೇ ಕೊಂಡೆ. 2014ರಲ್ಲಿ ಬಳಸಿದ್ದೊಂದನ್ನು ಸುಮಾರು 900 ಪೌಂಡಿಗೆ ತಂದು, ತಳಪಾಯ, ಮರಳಿನ ಮಡಿ, ಫ್ಯಾನು ಎಲ್ಲ ಸೇರಿ ಲೆಕ್ಕ 1,400ರ ಹತ್ತಿರ ಹೋಯಿತು. 2015ರ ಡಿಸೆಂಬರ್ ಇಲ್ಲಿಯವರಿಗೆ ಮರೆಯದ ತಿಂಗಳು: ಚಳಿಯೇ ಇಲ್ಲ, ಮಳೆ ಮಾತ್ರ ಬಿಡಲಿಲ್ಲ, ಕ್ರಿಸ್‌ಮಸ್ ಮರುದಿನ ಯಾರ್ಕ್‌ಷೈರಿನ ನದಿಗಳು ಊರೊಳಗೆ ನುಗ್ಗಿದವು. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರೂ ಗಾಜಿನ ಒಳಮೈಯಲ್ಲಿ ಬೆಳಗಾದರೆ ಹನಿಗಳು ತೂಗುತ್ತಿದ್ದವು. ಬೂದು ಬೂಷ್ಟು ಹೇಗೆ ಹತ್ತುತ್ತದೆ ಎಂಬುದನ್ನು ಆಗ ದಿನವೂ ನೋಡಿದೆ. ಹಸಿರು ದಿಂಬಿನ ಮೇಲೆ ಒಂದು ಬೇಳೆಯಷ್ಟು ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಚಿಮುಟದಿಂದ ಮುಟ್ಟಿದರೆ ಆ ಎಲೆಗೊಂಚಲು ಸ್ವಲ್ಪವೂ ಬಿಗಿಯಿಲ್ಲದೆ ಕೈಗೆ ಬರುತ್ತದೆ. ಅದು ಬಂದ ಜಾಗದಲ್ಲಿ ಬೂದುಬಣ್ಣದ ನವಿರು ಎಳೆಗಳು ಕಾಣುತ್ತವೆ. ವಾರ ಕಳೆಯುವುದರೊಳಗೆ ಅದು ಒಂದು ರೂಪಾಯಿ ನಾಣ್ಯದಷ್ಟಾಗುತ್ತದೆ. ಫೆಬ್ರವರಿ ಮುಗಿಯುವಾಗ 14 ಗಿಡಗಳಲ್ಲಿ 11 ಹೋಗಿದ್ದವು. ಗಿಡಗಳ ಬೆಲೆಯೇ ಇನ್ನೂರು ಪೌಂಡ್ ದಾಟಿತ್ತು, ಬೆಳೆಸಿದ ವರ್ಷಗಳಿಗೆ ಬೆಲೆ ಕಟ್ಟಲಾರೆ.

ಆ ದಿನಗಳಲ್ಲಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಸಂಕಟವನ್ನು ಹೇಳಿಕೊಂಡಿದ್ದೆ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟುವುದು, ಸೌದೆ ಕೊಟ್ಟಿಗೆಗೆ ಗೋಡೆ ಹಾಕದೆ ಮಾಡು ಮಾತ್ರ ಹೊದಿಸುವುದು ಅಲ್ಲಿ ಎಲ್ಲ ಮನೆಗಳ ರೂಢಿ. ಅಮ್ಮ ಹೇಳಿದ್ದು ಇಷ್ಟೇ: "ಕೋಣೆಯೊಳಗೆ ಇಟ್ಟರೆ ಸೌದೆಗೂ ಬೂಷ್ಟು ಹಿಡೀತದೆ ಮಗಾ. ಮೇಲೆ ಮಾಡು ಹಾಕು, ಎರಚಲು ಬರೋ ದಿಕ್ಕಿಗೊಂದು ತಟ್ಟಿ ಕಟ್ಟು, ಉಳಿದ ಕಡೆ ಬಯಲು ಬಿಡು." ಡಯೊನೀಷಿಯಗಳು ಇರಾನಿನ ಬೆಟ್ಟಗಳಲ್ಲಿ ಬೆಳೆಯುವುದೂ ಹಾಗೆಯೇ: ಕಡಿದಾದ ಬಂಡೆಯ ಬಿರುಕಿನಲ್ಲಿ, ಮೇಲಿನ ಕಲ್ಲಿನ ಚಾಚು ಮಳೆಯನ್ನು ತಡೆಯುವ ಕಡೆ, ಸದಾ ಗಾಳಿ ಬೀಸುವ ಜಾಗದಲ್ಲಿ. ಅಲಿಯೋನಿಯೂ ಫ್ರಾನ್ಸ್-ಇಟಲಿ ಗಡಿಯ ಮ್ಯಾರಿಟೈಮ್ ಆಲ್ಪ್ಸ್‌ನ ಸುಣ್ಣಕಲ್ಲಿನ ಗೋಡೆಗಳ ಗಿಡವೇ. ಇವಕ್ಕೆ ಬೇಕಾದದ್ದು ಒಣ ತಲೆ ಮತ್ತು ಓಡಾಡುವ ಗಾಳಿ. ಒಣ, ಕೊರೆಯುವ ಚಳಿಯನ್ನು ಇವು ತಡೆದುಕೊಳ್ಳುತ್ತವೆ. ಇದನ್ನು ಹೇಳಿದಾಗ ಪ್ರದರ್ಶನಗಳಲ್ಲಿ ಮೂವತ್ತು ವರ್ಷ ಕಳೆದ ಹಿರಿಯರೊಬ್ಬರು, ಮೊದಲ ಬಿರುಗಾಳಿ ಮಳೆಗೆ ಎಲ್ಲವೂ ಕೊಳೆಯುತ್ತದೆ ಎಂದು ನೇರವಾಗಿಯೇ ಹೇಳಿದರು.

2016ರ ಬೇಸಿಗೆಯಲ್ಲಿ ಗಾಜಿನ ಮನೆಯನ್ನು 550 ಪೌಂಡಿಗೆ ಮಾರಿ, ನಾಲ್ಕು ಮರದ ಕಂಬಗಳ ಮೇಲೆ ಎರಡು ಪಾಲಿಕಾರ್ಬೊನೇಟ್ ಹಾಳೆಗಳ ಇಳಿಜಾರು ಮಾಡನ್ನು ಕಟ್ಟಿದೆ. ಅದರ ಕೆಳಗೆ ಸೊಂಟದೆತ್ತರಕ್ಕೆ ಒಂದು ಗೇಣು ಆಳದ ಮರಳಿನ ಮಡಿ. ಇಲ್ಲಿ ಮಳೆಗಾಳಿ ಬರುವುದು ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ. ಆ ಎರಡು ಬದಿಗೆ ಮಾತ್ರ ಮರದ ಚೌಕಟ್ಟಿಗೆ ಬಿಗಿದ ಗಾಳಿತಡೆ ಬಲೆಯ ತಟ್ಟಿ. ಒಟ್ಟು ಖರ್ಚು 160 ಪೌಂಡ್ ಇರಬಹುದು.

ಮೊದಲ ಚಳಿಗಾಲದಲ್ಲಿ ಹಿರಿಯರ ಮಾತೇ ನಿಜವಾಗುವಂತೆ ಕಂಡಿತು. ಒಂದೇ ಪದರದ ಬಲೆ ಹನಿಯನ್ನು ತಡೆಯದೆ ಸಣ್ಣ ತುಂತುರು ಮಾಡಿ ಒಳಗೆ ಬಿಡುತ್ತಿತ್ತು. ಆ ಬದಿಯ ನಾಲ್ಕು ಗಿಡಗಳನ್ನು ಕಳೆದುಕೊಂಡೆ. ಎರಡನೆಯ ಪದರವನ್ನು ಒಂದು ಗೇಣು ಬಿಟ್ಟು ಕಟ್ಟಿದ ಮೇಲೆ ಒಳಗಿನ ಮರಳಿನ ಮೇಲ್ಮೈ ಒಣಗಿಯೇ ಉಳಿಯಿತು. ಎರಡು ಪದರಗಳ ನಡುವಿನ ಆ ಖಾಲಿ ಜಾಗವೇ ಇಡೀ ವಿಧಾನದ ಜೀವ. 2018ರ ಫೆಬ್ರವರಿ ಕೊನೆಯಲ್ಲಿ ಹಿಮಗಾಳಿ ಬಂದದ್ದು ಪೂರ್ವದಿಂದ, ಅಂದರೆ ತಟ್ಟಿ ಇಲ್ಲದ ದಿಕ್ಕಿನಿಂದ. ಪುಡಿ ಹಿಮ ದಿಂಬುಗಳ ಮೇಲೆ ನಾಲ್ಕು ದಿನ ಕೂತಿತ್ತು. ನಾನು ಕೈ ಹಚ್ಚಲಿಲ್ಲ, ಒಂದೂ ಸಾಯಲಿಲ್ಲ. 2020ರ ಮಾರ್ಚ್‌ನಲ್ಲಿ ಅರೆಟಿಯಾಯ್ಡಿಸ್ ಎಲೆಯೇ ಕಾಣದಂತೆ ಹೂ ಮುಚ್ಚಿ ನಿಂತಾಗ ಕೋವಿಡ್‌ನಿಂದ ಪ್ರದರ್ಶನಗಳು ರದ್ದಾದವು. ಅಷ್ಟು ತುಂಬಿದ ಹೂವನ್ನು ಮನೆಯವಳು ಮತ್ತು ನಾನು ಇಬ್ಬರೇ ನೋಡಿದೆವು. ಆ ನೋವು ಇನ್ನೂ ಇದೆ.

2022 ಎರಡು ಪೆಟ್ಟು ಕೊಟ್ಟಿತು. ಫೆಬ್ರವರಿ 18ರ ಯೂನಿಸ್ ಬಿರುಗಾಳಿಯ ದಿನ ಮಾಡಿನ ಒಂದು ಹಾಳೆ ಕಿತ್ತುಹೋಗಿ ನೆರೆಮನೆಯ ಹಿತ್ತಲಿಗೆ ಬಿತ್ತು. ಈಗ ಸ್ಕ್ರೂ ಬದಲು ಕಂಬವನ್ನು ತೂರಿಬರುವ ಬೋಲ್ಟ್ ಹಾಕಿದ್ದೇನೆ. ಜುಲೈ 19ರಂದು ಪಕ್ಕದ ಲಿಂಕನ್‌ಷೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ನನ್ನ ಮಾಡಿನ ಕೆಳಗೆ 38 ಇದ್ದ ನೆನಪು. ಬಿಸಿಲಿಗೆ ಬಳಲಿದೆ ಎಂದು ಗಾಬರಿಯಾಗಿ ಅಂದು ಸಂಜೆಯೇ ಮರಳಿಗೆ ಧಾರಾಳವಾಗಿ ನೀರು ಹಾಕಿದ್ದು ನನ್ನ ದೊಡ್ಡ ತಪ್ಪು. ಎರಡು ವಾರದಲ್ಲಿ, ಆರು ವರ್ಷ ಸಾಕಿದ ಅರೆಟಿಯಾಯ್ಡಿಸ್ ನಡುವಿನಿಂದ ಕಪ್ಪಾಗಿ ಕುಸಿಯಿತು. ಬೇಗೆಯಲ್ಲಿ ನೆರಳು ಕೊಡಬೇಕು, ನೀರನ್ನು ತಂಪಾಗುವವರೆಗೆ ತಡೆಯಬೇಕು. ಬಹುಮಾನ ಪಡೆದ ಗಿಡ ಇದರಿಂದ 2020ರಲ್ಲಿ ತೆಗೆದಿದ್ದ ತುಂಡಿನದು.

ಕುಂಡಕ್ಕೆ ತುಂಬುವ ಮಿಶ್ರಣದ ವಿಷಯದಲ್ಲಿ ಹಲವು ದಾರಿ ಹಿಡಿದು ಬಿಟ್ಟಿದ್ದೇನೆ. ಬೆಕ್ಕಿನ ಮಲದ ತಟ್ಟೆಗೆ ಹಾಕುವ ಸುಟ್ಟ ಜೇಡಿಯ ಹರಳು ಬೋನ್ಸಾಯ್ ಮಾಡುವವರಿಗೆ ಪ್ರಿಯ. ಚೀಲಕ್ಕೆ ನಾಲ್ಕೈದು ಪೌಂಡ್ ಅಷ್ಟೇ ಎಂದು ಅರ್ಧ ಪಾಲು ಬೆರೆಸಿದೆ. ಅದು ನೀರು ಹಿಡಿದಿಟ್ಟು ದಿಂಬು ಮೆತ್ತಗೆ ಉಬ್ಬಿತು. ನೋಡಲು ಚೆಂದ, ಒತ್ತಿದರೆ ಸ್ಪಂಜು, ನವೆಂಬರಿಗೇ ಕೊಳೆಯಿತು. ಸ್ಯಾಕ್ಸಿಫ್ರೇಜಕ್ಕೆ ಮಾತ್ರ ಅದನ್ನು ಈಗಲೂ ಕಾಲು ಪಾಲು ಹಾಕುತ್ತೇನೆ. ಟೂಫ ಎಂಬ ಹಗುರವಾದ, ತೂತುತೂತಾದ ಸುಣ್ಣಕಲ್ಲಿಗೆ ರಂಧ್ರ ಕೊರೆದು ಅಲಿಯೋನಿ ನೆಟ್ಟದ್ದು ಚೆನ್ನಾಗಿ ಬೆಳೆಯಿತಾದರೂ ವೇಗ ಸಾಲದು, ಎಂಟು ವರ್ಷಕ್ಕೆ ಅಂಗೈ ಅಗಲ. ಈಗಿನದು ಮೂರು ಪಾಲು ಜಲ್ಲಿ, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ, ಜೊತೆಗೆ ಒಂದು ಹಿಡಿ ಇನ್ನೊಂದು ವಸ್ತು. ಆ ಹಿಡಿಯನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ನೀರಿಗೆ ಅಡುಗೆಮನೆಯ ತಕ್ಕಡಿಯೇ ಅಳತೆ: ಗುರುತಿನ ಕುಂಡವೊಂದು ನೀರು ಕುಡಿದು ತುಂಬಿದಾಗ 4 ಕೆ.ಜಿ.ಯ ಹತ್ತಿರ ತೂಗುತ್ತದೆ, 300 ಗ್ರಾಂ ಇಳಿದ ಮೇಲೆಯೇ ಕುಂಡಗಳ ನಡುವಿನ ಮರಳಿಗೆ ನೀರು.

ಪ್ರದರ್ಶನದ ತಯಾರಿ ಎಂದರೆ ನನ್ನ ಮಟ್ಟಿಗೆ ದಿನಾಂಕ ಹಿಡಿಯುವ ಕೆಲಸ. ಶನಿವಾರ ನಿಗದಿಯಾಗಿರುತ್ತದೆ, ಹೂವು ಕಾಯುವುದಿಲ್ಲ. 2025ರ ಮಾರ್ಚ್ ಇಂಗ್ಲೆಂಡಿನಲ್ಲಿ ದಾಖಲೆಯ ಬಿಸಿಲಿನ ಮಾರ್ಚ್ ಆಗಿತ್ತು. ಹದಿನೈದು ದಿನ ಮೊದಲೇ ಮೊಗ್ಗುಗಳು ಹಳದಿ ತುದಿ ತೋರಿದಾಗ ಕುಂಡಗಳನ್ನು ಕಿತ್ತು ಮನೆಯ ಉತ್ತರ ಗೋಡೆಯ ಬುಡಕ್ಕೆ, ಮರಳು ತುಂಬಿದ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳಿಗೆ ಸಾಗಿಸಿದೆ. ಗಾಳಿ ತೆರೆದೇ ಇತ್ತು, ನೇರ ಬಿಸಿಲು ಮಾತ್ರ ತಪ್ಪಿತು. ಹತ್ತು ದಿನವಾದರೂ ತಡೆದಂತಾಯಿತು. ಫ್ರಿಜ್ಜಿನಲ್ಲಿಟ್ಟು ನೋಡಿದವರಿದ್ದಾರೆ, ನಾನೂ ಒಮ್ಮೆ ಇಟ್ಟು ಮೊಗ್ಗು ಕಂದಿಸಿಕೊಂಡಿದ್ದೇನೆ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುವುದನ್ನು ವರ್ಷಪೂರ್ತಿ ತಪ್ಪಿಸಿಲ್ಲ. ತಪ್ಪಿಸಿದವರ ದಿಂಬು ಒಂದು ಕಡೆಗೆ ವಾಲಿರುವುದು ಮೇಜಿನ ಮೇಲೆ ಮೂರು ಮಾರು ದೂರದಿಂದ ಕಾಣುತ್ತದೆ.

ಹಿಂದಿನ ಸಂಜೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಅಲಿಯೋನಿಯ ಬಾಡಿದ ಹೂವನ್ನು ಎಳೆಯಬಾರದು, ಅಂಟು ಎಲೆಗೆ ಬೆರಳು ತಾಗದಂತೆ ತೊಟ್ಟನ್ನು ಚಿಮುಟದಲ್ಲಿ ಹಿಡಿದು ಸ್ವಲ್ಪ ತಿರುಚಿದರೆ ಬುಡದಲ್ಲಿ ತಾನೇ ಬಿಡುತ್ತದೆ. ದಿಂಬಿನ ಮೇಲೆ ಸಿಕ್ಕಿದ ಮರಳಿನ ಕಣಗಳನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ತೆಗೆದೆ. ಹಳೆಯ ಜಲ್ಲಿ ತೆಗೆದು ತೊಳೆದ ಸುಣ್ಣಕಲ್ಲಿನ ಚೂರು ಹಾಸುವಾಗ ಕುಂಡದ ತಳದ ತೂತನ್ನೂ ನೋಡಬೇಕು: 2023ರಲ್ಲಿ ಅಲ್ಲಿ ಅಡಗಿದ್ದ ಒಂದು ಚಿಪ್ಪಿಲ್ಲದ ಬಸವನಹುಳು (ಸ್ಲಗ್) ರಾತ್ರಿ ಮೇಲೆ ಬಂದು, ಬೆಳಗ್ಗೆ ಕಾರಿಗೆ ಏರಿಸಬೇಕಾಗಿದ್ದ ಗಿಡದ ನೆತ್ತಿಯಲ್ಲಿ ಹೆಬ್ಬೆರಳಷ್ಟು ಗುಂಡಿ ತಿಂದು ಹೋಗಿತ್ತು. ದಾರಿಯುದ್ದಕ್ಕೂ ಕಾರಿನ ಹೀಟರ್ ಹಾಕುವುದಿಲ್ಲ. ಸಭಾಂಗಣದ ಬೆಚ್ಚಗಿನ ಗಾಳಿಯಲ್ಲಿ ತೀರ್ಪುಗಾರರು ಬರುವ ಹೊತ್ತಿಗೆ ಅರೆಬಿರಿದ ಹೂಗಳು ಸರಿಯಾಗಿ ತೆರೆಯುವಂತೆ ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನೂ ಇಲ್ಲಿ ಬರೆಯುವುದಿಲ್ಲ.

ಪ್ರದರ್ಶನದ ಅತ್ಯುತ್ತಮ ಗಿಡಕ್ಕೆ ಕೊಡುವ ಅಂದಿನ ಫ್ಯಾರರ್ ಪದಕ ಬೇರೊಬ್ಬರ ಗಿಡಕ್ಕೆ ಹೋಯಿತು. ಆ ಗಿಡ ಅದಕ್ಕೆ ಅರ್ಹವಾಗಿತ್ತು. ಪದಕದ ಹೆಸರಿನ ಸಸ್ಯಾನ್ವೇಷಕ ರೆಜಿನಾಲ್ಡ್ ಫ್ಯಾರರ್ ನಮ್ಮ ಯಾರ್ಕ್‌ಷೈರಿನ ಕ್ಲಾಪಮ್‌ನವರೇ ಆದ್ದರಿಂದ ಅದು ಒಮ್ಮೆ ಈ ಮಾಡಿನ ಕೆಳಗೆ ಬರಬೇಕೆಂಬ ಆಸೆ ನನಗಿದೆ. ಬಹುಮಾನದ ಹಣ ಪೆಟ್ರೋಲಿಗೂ ಸಾಲದು. ಆದರೆ ಎಲ್ಲವೂ ಕೊಳೆಯುತ್ತದೆ ಎಂದಿದ್ದ ಹಿರಿಯರು ಬಂದು, ಬಹಳ ಹೊತ್ತು ಬಗ್ಗಿ ನೋಡಿ, ಎರಡು ಬಲೆಗಳ ನಡುವೆ ಎಷ್ಟು ಅಂತರ ಬಿಟ್ಟಿದ್ದೀರಿ ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಈಗ ಮೇ ತಿಂಗಳು. ಅರೆಟಿಯಾಯ್ಡಿಸ್‌ನಲ್ಲಿ ಹೂವಿನ ಶಲಾಕೆ (ಹೆಣ್ಣುಭಾಗದ ದಂಟು) ಉದ್ದವಿರುವ ಗಿಡ, ಗಿಡ್ಡವಿರುವ ಗಿಡ ಎರಡೂ ಹತ್ತಿರವಿದ್ದರೆ ಬೀಜ ಚೆನ್ನಾಗಿ ಕಟ್ಟುತ್ತದೆ. ಈ ಸಲ ಮೊದಲ ಬಾರಿಗೆ ಎರಡನ್ನೂ ಜೊತೆಗಿಟ್ಟು ಸಣ್ಣ ಕುಂಚದಿಂದ ಪರಾಗ ದಾಟಿಸಿದ್ದೆ. ಕಾಯಿಗಳು ದಿಂಬಿನೊಳಗೇ ಹುದುಗಿರುತ್ತವೆ. ನಿನ್ನೆ ಸಂಜೆ ಭೂತಗನ್ನಡಿ ಹಿಡಿದು ಚಿಮುಟದಿಂದ ಮೂವತ್ತಕ್ಕೂ ಹೆಚ್ಚು ಕಂದು ಬೀಜಗಳನ್ನು ಹೆಕ್ಕಿ, ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದಿಟ್ಟಿದ್ದೇನೆ.