8 ಜಿಬಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ 1440ಪಿ: ತಡವರಿಕೆ ನಿಂತಿದ್ದು ಹೀಗೆ

1080ಪಿ ಮಾನಿಟರ್ ತೆಗೆದು, ಹೆಚ್ಚು ಪಿಕ್ಸೆಲ್ ಇರುವ 1440ಪಿ ಹಾಕಿದ ಮೇಲೆ ಹೊಸ ಗೇಮ್‌ಗಳು ತಡವರಿಸತೊಡಗಿದವು. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) 55ರ ಆಸುಪಾಸು ಇತ್ತು, ಪರವಾಗಿಲ್ಲ. ಆದರೆ ಹೊಸ ಜಾಗಕ್ಕೆ ಹೋದ ಕೂಡಲೇ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ನನ್ನದು 8 ಜಿಬಿ ಮೆಮೊರಿಯ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್.

ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಪೂರ್ತಿ ತೆಗೆದು ಮತ್ತೆ ಹಾಕಿದೆ. ಓವರ್‌ಕ್ಲಾಕ್ ಮಾಡಿದೆ, ಅಂದರೆ ಕಾರ್ಡ್‌ನ ವೇಗ ಏರಿಸಿದೆ. ನೆರಳು, ಹುಲ್ಲು ಎಲ್ಲ ಇಳಿಸಿದೆ. ಎಫ್‌ಪಿಎಸ್ ಏರಿತು, ತಡವರಿಕೆ ಮಾತ್ರ ಹೋಗಲಿಲ್ಲ.

ಪರದೆಯ ಮೂಲೆಯಲ್ಲಿ ವಿ-ರ್ಯಾಮ್ (ಕಾರ್ಡ್‌ನ ಸ್ವಂತ ಮೆಮೊರಿ) ಮೀಟರ್ ಹಾಕಿದಾಗ ಗೊತ್ತಾಯ್ತು: ನಿಂತಾಗಲೆಲ್ಲ ಅದು 7.8 ಜಿಬಿ. ಕಾರ್ಡ್‌ನ ಮೆಮೊರಿ ತುಂಬಿದರೆ ಉಳಿದ ಡೇಟಾ ಕಂಪ್ಯೂಟರಿನ ರ್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಪಿಸಿಐಇ (ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಕೊಂಡಿ) ದಾರಿಯಲ್ಲಿ ವಾಪಸ್ ಬರೋದು ತುಂಬಾ ನಿಧಾನ.

ಸರಿಹೋದ ಕ್ರಮ ಇದು. ಮೊದಲು ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಅಲ್ಟ್ರಾದಿಂದ ಹೈಗೆ. ಆಡುವಾಗ ವ್ಯತ್ಯಾಸ ಕಾಣೋದೇ ಕಷ್ಟ. ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ಲೆಕ್ಕಹಾಕುವುದು), ಫ್ರೇಮ್ ಜನರೇಶನ್ (ನಡುವೆ ಕೃತಕ ಫ್ರೇಮ್ ಸೇರಿಸುವುದು) ಎರಡೂ ಆಫ್, ಅವೂ ಮೆಮೊರಿ ತಿನ್ನುತ್ತವೆ. ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಎಷ್ಟೋ ಗೇಮ್‌ಗಳು ಹಾಗೆ ಮಾಡದೆ ಮೆಮೊರಿ ಬಿಡುವುದಿಲ್ಲ. ಬ್ರೌಸರ್ ಕೂಡ ಮುಚ್ಚಿ. ಕೊನೆಗೆ ಚಿತ್ರ ಹಿಗ್ಗಿಸುವ ತಂತ್ರಗಳಾದ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ‘ಕ್ವಾಲಿಟಿ’ಯಲ್ಲಿಡಿ. ಆಗ ಕಾರ್ಡ್ 1707x960ರಲ್ಲಿ ಚಿತ್ರ ಬಿಡಿಸಿ 2560x1440ಕ್ಕೆ ಹಿಗ್ಗಿಸುತ್ತದೆ. ಫ್ರೇಮ್ ಮಿತಿ ಸೆಕೆಂಡಿಗೆ 60.

ಈಗ ಮೀಟರ್ 7 ಜಿಬಿ ದಾಟುವುದಿಲ್ಲ, ಆಟ ನಿಲ್ಲುವುದೂ ಇಲ್ಲ. 4ಕೆ ಕೇಳಬೇಡಿ. ಅಲ್ಲಿ 83 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 37 ಲಕ್ಷ.