ಮೋಟಾರ್ ಒಣಗೋವರೆಗೆ ಓದುವ ಪುಸ್ತಕಗಳು

ಸಿಂಧನೂರಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟರೆ ರೈತರು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಹಳೇ ತಾಮ್ರ ಕಿತ್ತು, ಸುತ್ತು ಎಣಿಸಿ, ಹೊಸ ಕಾಯಿಲ್ ಕೂರಿಸಿ, ವಾರ್ನಿಶ್ ಹಾಕಿ ಒಣಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಬೆಳೆ ಬಾಡುತ್ತಿರುವಾಗ ಯಾರೂ ಮೋಟಾರ್ ಬಿಟ್ಟು ಊರಿಗೆ ಹೋಗುವುದಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತುಬಿಡುತ್ತಾರೆ. ಆ ಬೆಂಚಿಗಾಗಿಯೇ ನಾನು ಪುಸ್ತಕ ಇಡಲು ಶುರು ಮಾಡಿದ್ದು.

2016ರ ಡಿಸೆಂಬರಿನಲ್ಲಿ ರಾಯಚೂರಿನಲ್ಲಿ 82ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತು. ನೋಟು ರದ್ದಾಗಿ ತಿಂಗಳೂ ತುಂಬಿರಲಿಲ್ಲ. ಜೇಬಿನಲ್ಲಿ ಇದ್ದದ್ದು ಕೆಲವೇ ನೂರರ ನೋಟು. ಪುಸ್ತಕ ಮಳಿಗೆಗಳಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು, ಇದು ಬೇಕೇ ಬೇಕಾ ಅಂತ ಯೋಚಿಸಿ ತೆಗೆದುಕೊಂಡೆ. ಕಥೆ, ಕಾದಂಬರಿ ಮುಟ್ಟಲಿಲ್ಲ. ನಿಜವಾಗಿ ನಡೆದದ್ದು, ಯಾರೋ ಕಣ್ಣಾರೆ ಕಂಡದ್ದು ಮಾತ್ರ ಸಾಕು ಅನಿಸಿತು. ಈಗ ಅಂಗಡಿಯಲ್ಲಿ ಮೂವತ್ತು ಪುಸ್ತಕಗಳಿವೆ. ಎಲ್ಲವನ್ನೂ ನಾನು ಓದಿದ್ದೇನೆ. ಓದದ್ದನ್ನು ಇಡುವುದಿಲ್ಲ.

ಮೊದಲ ವರ್ಷ ಗಾಜಿನ ಬಾಗಿಲಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿದ್ದೆ. ಒಬ್ಬರೂ ಕೇಳಲಿಲ್ಲ. ಬಾಗಿಲು ತೆಗೆಸಿದೆ. ಆಗಲೂ ಎತ್ತಿಕೊಳ್ಳುತ್ತಿದ್ದರು, ಮೊದಲ ಪುಟ ನೋಡುತ್ತಿದ್ದರು, ಮುನ್ನುಡಿ ಕಂಡ ಕೂಡಲೇ ಇಡುತ್ತಿದ್ದರು. ನಮ್ಮ ಪುಸ್ತಕಗಳಲ್ಲಿ ಮುನ್ನುಡಿ, ಅರಿಕೆ, ಬೆನ್ನುಡಿ ಜಾಸ್ತಿ ಅಲ್ವಾ? ದಾರಿ ಗೊತ್ತಿಲ್ಲದವರಿಗೆ ಅದು ಮುಳ್ಳುಬೇಲಿ. ಆಗ ನನ್ನ ಕೆಲಸದ ಸಾಮಾನೇ ನೆರವಿಗೆ ಬಂತು. ವೈಂಡಿಂಗಿಗೆ ಹಾಕುವ ಇನ್ಸುಲೇಶನ್ ಪೇಪರ್ ಗಟ್ಟಿ ಇರುತ್ತದೆ, ಹರಿಯುವುದಿಲ್ಲ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಪ್ರತಿ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಪುಟದಲ್ಲಿಟ್ಟೆ. ಮೇಲೆ 'ಇಲ್ಲಿಂದ ಓದಿರಿ' ಅಂತ ಬರೆದೆ. ಕಾದಂಬರಿಗೆ ಹೀಗೆ ಮಾಡಲಾಗದು, ನಡುವಿನಿಂದ ಹೊಕ್ಕರೆ ಯಾರು ಯಾರೆಂದೇ ತಿಳಿಯದು. ಇಂಥ ಪುಸ್ತಕಗಳಿಗೆ ಆ ಕಷ್ಟವಿಲ್ಲ.

ಜಾಸ್ತಿ ಕೈ ಬದಲಾದದ್ದು ಪತ್ರಕರ್ತ ಪಿ. ಸಾಯಿನಾಥರ 'ಬರ ಅಂದ್ರೆ ಎಲ್ಲರಿಗೂ ಇಷ್ಟ'. 1990ರ ದಶಕದಲ್ಲಿ ದೇಶದ ಕಡು ಬಡ ಜಿಲ್ಲೆಗಳನ್ನು ಸುತ್ತಿ ಬರೆದ ವರದಿಗಳು. ಒಡಿಶಾದ ಕೊಮ್ನಾ ಭಾಗದಲ್ಲಿ ಜರ್ಸಿ ತಳಿ ತರುವ ಯೋಜನೆಗಾಗಿ ಊರಿನ ಹೋರಿಗಳ ಬೀಜ ಒಡೆಸಿದರು. ಎರಡು ಕೋಟಿ ಖರ್ಚಾಗಿ, ಕೊನೆಗೆ ಹುಟ್ಟಿದ್ದು ಎಂಟು ಕರು. ಅಲ್ಲಿನ ಖರಿಯಾರ್ ತಳಿಯೇ ಹೋಯಿತು. ಇದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಬೆಂಚಿನ ಮೇಲಿದ್ದವರೆಲ್ಲ ಸುಮ್ನಾದರು. ಒಬ್ಬ ಹಿರಿಯರು ಕೈ ಚಾಚಿ, 'ತಮ್ಮಾ, ಇಲ್ಲಿ ಕೊಡು' ಅಂತ ಪುಸ್ತಕ ಇಸಿದುಕೊಂಡರು. ಮನೆಯಲ್ಲಿ ಎತ್ತು ಸಾಕುವವರು ಅವರು.

ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯಲ್ಲಿ ನಾನು ಪಟ್ಟಿ ಇಟ್ಟದ್ದು ಶುರುವಿನಲ್ಲೇ. ಹುಡುಗ ಸಿದ್ಧಲಿಂಗಯ್ಯ ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಕಟ್ಟಿ ಉಳುವುದನ್ನು ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ನೇಗಿಲು ಹಿಡಿದು ಬೆಳೆದವರಿಗೆ ನೊಗದ ಭಾರ ಗೊತ್ತಿರುತ್ತದೆ. ಈ ಪುಟಕ್ಕೆ ನಾನು ಯಾವ ಮಾತನ್ನೂ ಸೇರಿಸುವುದಿಲ್ಲ.

ಕಾಲೇಜು ಹುಡುಗರು ಬಂದರೆ ಸಿವೆಲ್ ಬರೆದ ವಿಜಯನಗರದ ಇತಿಹಾಸ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಅದು ಬಂದದ್ದು 1900ರಲ್ಲಿ, ನನ್ನಲ್ಲಿರುವುದು ಕನ್ನಡದ್ದು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್‌ಶಾಹ ಕಾದಾಡಿದ್ದನ್ನು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಇಷ್ಟು ಜನಕ್ಕೆ ನೀರು, ಮೇವು ಎಲ್ಲಿಂದ ಬಂತು ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಲೆಕ್ಕ ನಂಬುವ ಮೊದಲು ಹಾಗೆ ಕೇಳಲೇಬೇಕು. ಕೋಟೆಯ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡುವ ಹುಡುಗ ಅವನು.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನನಗೆ ಎಲ್ಲಕ್ಕಿಂತ ಇಷ್ಟ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸುವ ಮೇಷ್ಟ್ರು, ಚಿತ್ರಗಳನ್ನೂ ತಾವೇ ಬರೆದಿದ್ದಾರೆ. ಆದರೆ ನಮ್ಮ ಬೆಂಚಿನಲ್ಲಿ ಅದು ಅಷ್ಟಾಗಿ ಓಡಲಿಲ್ಲ. ಅದು ಮಳೆಕಾಡು, ನಮ್ಮದು ಜಾಲಿ, ಬೇವು. ಬೇಸರವಾಯಿತು. ಆದರೂ ತೆಗೆದಿಲ್ಲ. ಯಾರಾದರೂ ಎತ್ತಿಕೊಂಡರೆ ಅವತ್ತು ಚಹಾ ನನ್ನದೇ.

ಜಗಳವೆದ್ದದ್ದು ಫುಕುವೋಕ ಅವರ 'ಒಂದು ಹುಲ್ಲಿನ ಕ್ರಾಂತಿ'ಯಿಂದ. ಜಪಾನಿನ ಈ ರೈತ ಉಳಲಿಲ್ಲ, ಗೊಬ್ಬರ ಸುರಿಯಲಿಲ್ಲ. ಬೀಜವನ್ನು ಮಣ್ಣಿನುಂಡೆ ಮಾಡಿ ಎರಚಿದರು, ಹುಲ್ಲನ್ನು ಸುಡದೆ ಗದ್ದೆಗೇ ಹರಡಿದರು. ಗದ್ದೆಯಲ್ಲಿ ನೀರು ನಿಲ್ಲಿಸಿದ್ದು ಜೂನಿನ ಮಳೆಯಲ್ಲಿ ಒಂದು ವಾರದಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಇದನ್ನು ಓದಿಸಿದರೆ ಸುಮ್ನೆ ಬಿಡ್ತಾರಾ? 'ನೀರ್ ನಿಲ್ಲಿಸ್ದಿದ್ರ ಕಳೆ ಯಾರ್ ತೆಗೀತಾರ, ನಿಮ್ಮ ಪುಸ್ತಕಾನಾ?' ಅಂದರು. ನಾನು ವಾದಿಸಲಿಲ್ಲ. ಕಳೆ ತಡೆಯಲು ಫುಕುವೋಕ ಬಿತ್ತಿದ, ನೆಲಕ್ಕೆ ಹರಡುವ ಬಿಳಿ ಕ್ಲೋವರ್ ಗಿಡ ನಮ್ಮ ಬಿಸಿಲಿಗೆ ಬದುಕುತ್ತದೆ ಅಂತ ನನಗೂ ಅನಿಸುವುದಿಲ್ಲ. ಆದರೆ ಕಾಲುವೆಯ ಕೊನೆಯ ಭಾಗದಿಂದ ಬಂದಿದ್ದ ಒಬ್ಬರು ಮಾತಾಡದೆ ಆ ಪುಟ ಮತ್ತೆ ಮತ್ತೆ ತಿರುವುತ್ತಿದ್ದರು. ಅವರಿಗೆ ನೀರು ತಲುಪುವುದೇ ಕಷ್ಟ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಅವರ ನಿದ್ದೆಯೇ ಹೋಗಿತ್ತಂತೆ.

ಎರಡು ಪುಸ್ತಕ ಕಳೆದವು. ಇನ್ನೊಂದರ ಮೇಲೆ ನಾನೇ ವಾರ್ನಿಶ್ ಚೆಲ್ಲಿದೆ, ಪುಟಗಳು ಅಂಟಿಕೊಂಡವು. ಈಗ ಹೊಸ ಪುಸ್ತಕ ಬಂದರೆ ಕೆಲಸದ ಮೇಜಿನಿಂದ ದೂರ ಇಡುತ್ತೇನೆ. ಓದುವವರು ತಾವೇ ಪಟ್ಟಿ ಸೇರಿಸಲಿ ಅಂತ ಕತ್ತರಿಸಿದ ಪೇಪರ್ ಒಂದು ಡಬ್ಬಿಯಲ್ಲಿದೆ. 'ಊರುಕೇರಿ'ಯಲ್ಲಿ ಈಗ ಆರು ಪಟ್ಟಿ. ನನ್ನದು ಒಂದೇ.

ಫುಕುವೋಕ ಪುಸ್ತಕ ಆ ಕೊನೆಯ ಭಾಗದ ರೈತರ ಮನೆಯಲ್ಲಿದೆ. ಹೊಲದ ಮೂಲೆಯ ನಾಲ್ಕು ಗುಂಟೆಯಲ್ಲಿ ಹುಲ್ಲು ಹರಡಿದ್ದಾರೆ. 'ಕೊಯ್ಲಾದ ಮ್ಯಾಲ ತರ್ತೀನಿ ಅಣ್ಣಾ' ಅಂದಿದ್ದಾರೆ.