‘ಪೆರಿ’ಯನ್ನು ‘ಪರಿ’ಯಿಂದ ಕಲಿಸಿದ ಬಗೆ

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡು ಬರುವ ಮಕ್ಕಳಿಗೆ ನಾನು ಜೀವಶಾಸ್ತ್ರ ಕಲಿಸುತ್ತೇನೆ. ‘ಹೃದಯಾವರಣ’ ಎಂದರೆ ತಟ್ಟನೆ ಅರ್ಥವಾಗುವ ಮಗುವಿಗೆ ‘ಪೆರಿಕಾರ್ಡಿಯಂ’ ಬರಿಯ ಸದ್ದಾಗಿ ಕೇಳಿಸುತ್ತದೆ. ಅದನ್ನು ಉರು ಹೊಡೆಯುವುದೊಂದೇ ಅದಕ್ಕೆ ಕಾಣುವ ದಾರಿ. ಆರಂಭದ ವರ್ಷಗಳಲ್ಲಿ ನಾನು ಇಂಥ ಪದಗಳ ಮೊದಲಲ್ಲಿ ಬರುವ ಅರವತ್ತು ಗ್ರೀಕ್ ಪೂರ್ವಪದಗಳ ಪಟ್ಟಿಯೊಂದನ್ನು ಹಂಚುತ್ತಿದ್ದೆ. ಮಕ್ಕಳು ಆ ಪಟ್ಟಿಯನ್ನೂ ಬಾಯಿಪಾಠ ಮಾಡಿದರು. ‘ಪೆರಿ’ ಎಂದರೆ ‘ಸುತ್ತ’ ಎಂದು ಸರಿಯಾಗಿ ಬರೆದವರೇ ‘ಪೆರಿಯಾಂತ್’ (ಹೂವಿನ ಹೊರಸುತ್ತಿನ ಎಸಳುಗಳು) ಎಂಬ ಪದ ಎದುರಾದಾಗ ಅದರೊಳಗಿನ ‘ಪೆರಿ’ಯನ್ನು ಗುರುತಿಸಲಿಲ್ಲ. ಆಗ ಪಟ್ಟಿಯನ್ನು ಕೈಬಿಟ್ಟು, ಒಂದು ಬಾರಿಗೆ ಒಂದೇ ಪೂರ್ವಪದವನ್ನು ಹಿಡಿದು ವಾರಗಟ್ಟಲೆ ಅದರ ಬೆನ್ನು ಹತ್ತುವುದೆಂದು ತೀರ್ಮಾನಿಸಿದೆ.

ಮೊದಲ ದಿನ ‘ಪೆರಿ’ಯ ಅರ್ಥ ಊಹಿಸಿ ಎಂದಾಗ, ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ, “ದೊಡ್ಡದು ಅಂತ ಅಲ್ವಾ ಸರ್?” ಎಂದ. ತಮಿಳಿನ ‘ಪೆರಿಯ’ ಅವನ ಕಿವಿಯಲ್ಲಿತ್ತು. ಅದು ನಮ್ಮ ಹಳಗನ್ನಡದ ‘ಪಿರಿಯ’, ಇಂದಿನ ‘ಹಿರಿಯ’ದ ಬಳಗದ ಪದ, ಗ್ರೀಕ್‌ಗೆ ನಂಟಿಲ್ಲ. ಆದರೆ ನಮಗೆ ಪರಿಚಿತವಾದ ಮತ್ತೊಂದು ಪದಕ್ಕೆ ನಿಜವಾದ ನಂಟಿದೆ. ಸಂಸ್ಕೃತದ ‘ಪರಿ’ ಮತ್ತು ಗ್ರೀಕ್‌ನ ‘ಪೆರಿ’ ಒಂದೇ ಮೂಲದವು, ಎರಡರ ಅರ್ಥವೂ ‘ಸುತ್ತ’. ಪರಿಧಿ, ಪರಿಸರ, ಪರಿಕ್ರಮ ಎಂದು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಪೆರಿಕಾರ್ಡಿಯಂ ಎಂದು ಬರೆದಾಗ ತರಗತಿಯಲ್ಲಿ ಆದ ಬದಲಾವಣೆಯನ್ನು ನಾನು ಮರೆಯಲಾರೆ. ‘ಪೆರಿಯಾಸ್ಟಿಯಂ’ ಇನ್ನೂ ಸೊಗಸು: ಅದರ ಎರಡನೆಯ ಭಾಗವಾದ ‘ಆಸ್ಟಿಯಾನ್’ ನಮ್ಮ ‘ಅಸ್ಥಿ’ಯ ಒಡಹುಟ್ಟು. ಮೂಳೆಯನ್ನು ಸುತ್ತಿದ ಈ ಪೊರೆಯಲ್ಲಿ ನರಗಳು ಹೇರಳವಾಗಿರುವುದರಿಂದಲೇ ಮೊಣಕಾಲ ಕೆಳಗೆ ಬೆಂಚು ಬಡಿದಾಗ ಜೀವ ಹೋದಂತಾಗುವುದು ಎಂದರೆ, ಆ ಪದವನ್ನು ಯಾರಿಗೂ ಎರಡನೆಯ ಸಲ ಹೇಳಬೇಕಾಗುವುದಿಲ್ಲ.

ಪದದ ಜೊತೆಗೆ ವಸ್ತುವೂ ಕೈಯಲ್ಲಿರಬೇಕೆಂಬುದು ನನ್ನ ಹಟ. ‘ಕಾರ್ಪೋಸ್’ ಎಂದರೆ ಹಣ್ಣು. ಬೀಜದ ಸುತ್ತಲಿನ ಹಣ್ಣಿನ ಭಿತ್ತಿಯೇ ಪೆರಿಕಾರ್ಪ್. ಮಾವಿನಹಣ್ಣನ್ನು ಕೊಯ್ದು, ಸಿಪ್ಪೆ, ನಾವು ತಿನ್ನುವ ತಿರುಳು, ಗಟ್ಟಿಯಾದ ಓಟೆ ಈ ಮೂರೂ ಪೆರಿಕಾರ್ಪಿನ ಪದರಗಳೇ ಎಂದು ತೋರಿಸುತ್ತೇನೆ. ಓಟೆಯನ್ನು ಬೀಜವೆಂದೇ ನಂಬಿದ್ದ ಮಕ್ಕಳು ಅದನ್ನು ಒಡೆದು ಒಳಗಿನ ನಿಜವಾದ ಬೀಜವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ತೆಂಗಿನಕಾಯಿಯಲ್ಲಿ ಅದೇ ನಡುವಣ ಪದರ ನಾರಾಗಿದೆ, ಒಳಪದರ ಕರಟವಾಗಿದೆ. ನಾವು ತುರಿಯುವ ಕಾಯಿ ಮಾತ್ರ ಪೆರಿಕಾರ್ಪ್ ಅಲ್ಲ, ಬೀಜದೊಳಗಿನ ಆಹಾರದ ದಾಸ್ತಾನು.

ಹೃದಯದ ಪಾಠಕ್ಕೆ ಕುರಿಯ ಹೃದಯ ತರಿಸುತ್ತೇನೆ. ಸುತ್ತಲಿನ ಚೀಲವನ್ನು ತೆಗೆಯದೆ ಕೊಡಬೇಕೆಂದು ಮಾಂಸದಂಗಡಿಯವರಿಗೆ ಮೊದಲೇ ಹೇಳಿಡಬೇಕು, ಇಲ್ಲವಾದರೆ ಅದನ್ನು ಕಿತ್ತು ಎಸೆದಿರುತ್ತಾರೆ. ಕತ್ತರಿಯಿಂದ ಚೀಲವನ್ನು ಬಿಡಿಸಿದಾಗ ಒಳಮೈ ನುಣುಪಾಗಿ, ತೇವವಾಗಿ ಹೊಳೆಯುತ್ತದೆ; ಬಡಿಯುವ ಹೃದಯ ಉಜ್ಜಿಕೊಳ್ಳದಂತೆ ಕಾಯುವ ದ್ರವ ಅಲ್ಲಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು. ಈ ಚೀಲದ ಉರಿಯೂತವೇ ಪೆರಿಕಾರ್ಡೈಟಿಸ್ ಎಂಬುದನ್ನು ಮಕ್ಕಳು ತಾವೇ ಬಿಡಿಸಿ ಹೇಳುತ್ತಾರೆ.

ಒಂದು ಎಚ್ಚರಿಕೆಯನ್ನು ನಾನು ತಡವಾಗಿ ಸೇರಿಸಿಕೊಂಡೆ. ‘ಪೆರಿ’ಯ ರುಚಿ ಹತ್ತಿದ ಹುಡುಗಿಯೊಬ್ಬಳು ‘ಪರ್ಮಿಯಬಲ್’ (ತನ್ನ ಮೂಲಕ ಹಾಯ್ದುಹೋಗಲು ಬಿಡುವಂಥದ್ದು) ಪದವನ್ನೂ ‘ಸುತ್ತ’ ಎಂದು ಬಿಡಿಸಿ ಬರೆದಿದ್ದಳು. ಅಲ್ಲಿರುವುದು ಲ್ಯಾಟಿನ್‌ನ ‘ಪರ್’, ಅಂದರೆ ‘ಮೂಲಕ’, ‘ಹಾಯ್ದು’. ತಪ್ಪು ಅವಳದಲ್ಲ, ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸದ ನನ್ನದು. ಈಗ ಪೊರೆಯ ಚಿತ್ರ ಬರೆದು, ಸುತ್ತುವರಿದ ಗೆರೆಗೆ ‘ಪೆರಿ’ ಎಂದೂ ಹಾಯ್ದುಹೋಗುವ ಬಾಣಕ್ಕೆ ‘ಪರ್’ ಎಂದೂ ಗುರುತು ಹಾಕುತ್ತೇನೆ.

ಕಳೆದ ಸಲ ಕಡಲೆ ಗಿಡದ ಬೇರಿನ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇದರಲ್ಲಿ ‘ಪೆರಿಸೈಕಲ್’ ಹುಡುಕಿ ಎಂದಷ್ಟೇ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬಳು, “ಯಾವುದರ ಸುತ್ತ, ಸರ್?” ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಪಕ್ಕದವಳು ಕಣ್ಣು ಕೀಲಿಸಿದಂತೆಯೇ, ನಡುವಿನ ನಾಳಗಳ ಸುತ್ತ ಒಂದು ಬಳೆಯಿದೆ ಎಂದಳು.